ಬಿಸಿಕಲ್ಲು ಯಾರ ಗುಟ್ಟು?

ಪ್ರಶ್ನೆ: ಒಂದು ಕಾದಂಬರಿ ಬರೆಯುತ್ತಿದ್ದೇನೆ, ಎರಡನೇ ಕರಡು ಮುಗಿದಿದೆ. ಹಿಮ ಬೀಳುವ ಬೆಟ್ಟಗಳ ನಡುವಿನ ಕಲ್ಪಿತ ನಾಡು. ಕುದುರೆ, ಕತ್ತಿ, ಕೋಟೆ ಎಲ್ಲ ಇವೆ. ಅಲ್ಲೊಂದು ಪೀಠ, ಪೀಠದಲ್ಲಿ ಮೂರು ಪವಾಡ: ಎಂದೂ ಆರದ ಬಿಸಿಕಲ್ಲು, ಪೀಠದವರು ಕೈಯಿಟ್ಟು ಮಂತ್ರ ಹೇಳಿದರಷ್ಟೇ ತೆರೆಯುವ ಬಾಗಿಲು, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಕಂಬ. ಅಸಲಿಗೆ ಇವೆಲ್ಲ 800 ವರ್ಷಗಳ ಹಿಂದೆ ಬೇರೊಂದು ಲೋಕದಿಂದ ಬಂದಿಳಿದವರು ಬಿಟ್ಟುಹೋದ ಯಂತ್ರಗಳು. ಅದು ಯಾರಿಗೂ ನೆನಪಿಲ್ಲ. ನಾಯಕಿ ಸೂಲಗಿತ್ತಿ. ಕಲ್ಲಿನ ಬಿಸಿ ಇಳಿಯುತ್ತಿದೆ. ಹೆಂಗಸರು ಮುಟ್ಟಿದ್ದರಿಂದಲೇ ಅದರ ಶಕ್ತಿ ಕುಂದಿತು ಎಂದು ಪೀಠ 120 ವರ್ಷಗಳಿಂದ ಅವರನ್ನು ಹೊರಗಿಟ್ಟಿದೆ. ಅವಳು ನಿಜ ಹುಡುಕಿ ಹೊರಡುತ್ತಾಳೆ. ಕರಡು ಓದಿದವರಲ್ಲಿ ಒಬ್ಬರು ಮೂರನೇ ಅಧ್ಯಾಯದಲ್ಲೇ ಗುಟ್ಟು ಹಿಡಿದರು. ಇನ್ನೊಬ್ಬರು ಕೊನೆಯಲ್ಲಿ ಮೋಸ ಹೋದಂತಾಯಿತು ಅಂದರು. ಮೂರನೆಯವರು, “ನಾಯಕಿ ಒಂದು ಸಲವೂ ಕತ್ತಿ ಹಿಡಿಯುವುದಿಲ್ಲ, ಇದೆಂಥ ಸ್ತ್ರೀವಾದಿ ಸಾಹಸಕಥೆ?” ಎಂದು ಕೇಳಿದರು. ಗುಟ್ಟನ್ನು ಎಲ್ಲಿಯವರೆಗೆ ಮುಚ್ಚಿಡಬೇಕು? ವಿಜ್ಞಾನ ಎಷ್ಟು ಸರಿಯಿರಬೇಕು? ಕಾಳಗ ಸೇರಿಸಬೇಕೆ?

ಉತ್ತರ: ಮೂವರೂ ಬೇರೆ ಬೇರೆ ಮಾತು ಹೇಳಿದಂತೆ ಕಂಡರೂ ಮೂರಕ್ಕೂ ಬೇರು ಒಂದೇ. ಪವಾಡಗಳೆಲ್ಲ ಯಂತ್ರಗಳು ಎಂಬ ಸಂಗತಿಯನ್ನೇ ನೀವು ಕಾದಂಬರಿಯ ಕೊನೆಯ ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದೀರಿ. ಈ ಬಗೆಯ ಕಥೆ ಓದುವವರಿಂದ ಅದನ್ನು ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಕಲ್ಲಿನ ಬಿಸಿ ಯಾಕೆ ಇಳಿಯುತ್ತಿದೆ ಎಂಬುದು ಪೀಠದೊಳಗೆ ಯಾರಿಗಾದರೂ ಗೊತ್ತಿತ್ತೇ? ಗೊತ್ತಿದ್ದರೆ ಅದನ್ನು ಯಾವ ಪುಸ್ತಕದಲ್ಲಿ ಬರೆದಿಟ್ಟು, ಎಷ್ಟು ತಲೆಮಾರು, ಯಾರಿಂದ ಬಚ್ಚಿಟ್ಟರು? ಓದುಗರು ಊಹಿಸಲಾರದ ಗುಟ್ಟು ಅಲ್ಲಿದೆ. ನಿಮ್ಮ ಕಥೆಯ ಸ್ತ್ರೀವಾದ, ವಿಜ್ಞಾನ, ಸಾಹಸ ಮೂರೂ ಸೇರುವುದು ಅದೇ ಜಾಗದಲ್ಲಿ.

ಮೊದಲ ಓದುಗರ ವಿಷಯಕ್ಕೆ ಬರೋಣ. ಬೇಗ ಊಹಿಸಿದರೆ ಕಥೆ ಸೋತಿತು ಎಂಬ ನಂಬಿಕೆ ಬರೆಯುವವರಲ್ಲಿ ಬಲವಾಗಿದೆ. ಪತ್ತೇದಾರಿ ಕಥೆಗೆ ಅದು ಒಂದು ಮಟ್ಟಿಗೆ ನಿಜ. ಇಲ್ಲಿ ಹಾಗಲ್ಲ. ಸಾಕಷ್ಟು ಮುಂದುವರಿದ ತಂತ್ರಜ್ಞಾನಕ್ಕೂ ಮಾಯೆಗೂ ವ್ಯತ್ಯಾಸ ತಿಳಿಯದು ಎಂಬ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅವರ ನಿಯಮ ಅರ್ಧ ಶತಮಾನಕ್ಕೂ ಹಳೆಯದು. ಅದನ್ನು ಕೇಳಿ ಬೆಳೆದ ಓದುಗರು ಆರದ ಕಲ್ಲನ್ನು ಕಂಡ ಕೂಡಲೇ ಯಂತ್ರ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ತಮಗೆ ಗೊತ್ತಿರುವುದು ನಾಯಕಿಗೆ ಗೊತ್ತಿಲ್ಲದಿದ್ದಾಗ ಅವಳ ಒಂದೊಂದು ಹೆಜ್ಜೆಯನ್ನೂ ಅವರು ಉಸಿರು ಹಿಡಿದು ನೋಡುತ್ತಾರೆ: ಈ ಲೋಕದ ಸಾಮಾನು ಮಾತ್ರ ಇಟ್ಟುಕೊಂಡು ಇವಳು ಇದನ್ನು ಹೇಗೆ ಕಂಡುಹಿಡಿಯುತ್ತಾಳೆ? ಈ ಕುತೂಹಲ ಹುಟ್ಟಿದ್ದರೆ ಮೂರನೇ ಅಧ್ಯಾಯದಲ್ಲಿ ಊಹಿಸಿದವರು ಮೂವತ್ತನೇ ಅಧ್ಯಾಯದವರೆಗೂ ಓದುತ್ತಾರೆ. ಹುಟ್ಟದಿದ್ದರೆ, ಊಹಿಸದವರೂ ಹತ್ತನೆಯದರಲ್ಲಿ ಮಡಚಿಡುತ್ತಾರೆ.

ಎರಡನೇ ಓದುಗರ ದೂರು ಮಾತ್ರ ಗಂಭೀರ. ಮೋಸ ಹೋದೆ ಅನ್ನಿಸುವುದಕ್ಕೆ ಹಸ್ತಪ್ರತಿಗಳಲ್ಲಿ ಎರಡು ಕಾರಣಗಳು ಪದೇಪದೇ ಕಾಣುತ್ತವೆ. ಒಂದು, ನಾಯಕಿ ಕಣ್ಣಾರೆ ಕಂಡದ್ದನ್ನು ನಿರೂಪಣೆ ಮರೆಮಾಚುವುದು. “ಅವಳು ಪೆಟ್ಟಿಗೆಯೊಳಗೆ ನೋಡಿದಳು. ಎಲ್ಲ ಅರ್ಥವಾಯಿತು” ಎಂದು ಅಧ್ಯಾಯ ಮುಗಿಸಿ, ಏನಿತ್ತು ಎಂಬುದನ್ನು ನೂರು ಪುಟ ತಡಮಾಡುವುದು. ಅವಳ ಕಣ್ಣಿಂದಲೇ ಕಥೆ ನೋಡುತ್ತಿರುವ ಓದುಗರನ್ನು ಅಲ್ಲಿ ಹೊರದಬ್ಬಿದಂತಾಗುತ್ತದೆ. ಇನ್ನೊಂದು, ಗುಟ್ಟು ಒಡೆಯುವ ಅಧ್ಯಾಯದಲ್ಲೇ ಹೊಸ ಸಂಗತಿಗಳನ್ನು ತಂದು ಸುರಿಯುವುದು. ಇದನ್ನು ನೀವೇ ಪರೀಕ್ಷಿಸಬಹುದು. ಗುಟ್ಟು ಒಡೆಯುವ ಅಧ್ಯಾಯವನ್ನು ತೆಗೆದು, ಅದು ನಿಂತಿರುವ ಒಂದೊಂದು ಸಂಗತಿಯನ್ನೂ ಹಾಳೆಯ ಎಡಕ್ಕೆ ಬರೆಯಿರಿ. ಬಲಕ್ಕೆ, ಅದು ಮೊದಲು ಕಾಣಿಸಿಕೊಂಡ ಅಧ್ಯಾಯದ ಸಂಖ್ಯೆ ಬರೆಯಿರಿ. ಪ್ರತಿಯೊಂದೂ ಅದಕ್ಕೆ ಮುಂಚೆ ಕನಿಷ್ಠ ಎರಡು ಸಲ ಬಂದಿರಬೇಕು, ಒಂದು ಸಲವಾದರೂ ಬೇರೆ ವೇಷದಲ್ಲಿ: ದಿನದ ಕೆಲಸವಾಗಿ, ಬೈಗುಳವಾಗಿ, ಮಕ್ಕಳ ಆಟವಾಗಿ. ಬಲಗಡೆ ಅದೇ ಅಧ್ಯಾಯದ ಸಂಖ್ಯೆ ಬಂದ ಸಾಲುಗಳೇ ಮೋಸದ ಸಾಲುಗಳು. ಸಾಮಾನ್ಯವಾಗಿ ಅವು ಮೂರೋ ನಾಲ್ಕೋ ಇರುತ್ತವೆ, ಹಿಂದಿನ ಅಧ್ಯಾಯಗಳಲ್ಲಿ ಒಂದೆರಡು ವಾಕ್ಯ ಸೇರಿಸಿದರೆ ಸರಿಹೋಗುತ್ತವೆ.

ಗುಟ್ಟು ಯಾರಿಗೆ ಯಾವಾಗ ತಿಳಿಯಬೇಕು ಎಂಬುದಕ್ಕೆ ನಾಲ್ಕು ದಾರಿಗಳಿವೆ. ಓದುಗರಿಗೆ ಮೊದಲು, ನಾಯಕಿಗೆ ಆಮೇಲೆ ತಿಳಿಯುವುದು ಸುರಕ್ಷಿತ. ಆದರೆ ಅಂತರ ಹೆಚ್ಚಾದರೆ ಅವಳು ಮಂಕಾಗಿ ಕಾಣುತ್ತಾಳೆ. ಹಾಗಾಗದಿರಲು ಅವಳಿಗೆ ತನ್ನದೇ ಆದ ಒಂದು ಸಮಂಜಸ ವಿವರಣೆ ಇರಬೇಕು, ಅದು ಪುರಾವೆ ಎದುರಾದಾಗ ಮುರಿಯಬೇಕು. ಇಬ್ಬರಿಗೂ ಒಟ್ಟಿಗೆ ತಿಳಿಯುವುದು ಚೆಂದ, ಆದರೆ ಇಡೀ ಕಥೆಯಲ್ಲಿ ಒಂದು ಸಲ ಮಾತ್ರ ಸಾಧ್ಯ. ನಾಯಕಿಗೆ ಮೊದಲೇ ಗೊತ್ತಿದ್ದು ಓದುಗರಿಗೆ ಗೊತ್ತಿಲ್ಲದಿರುವುದು ಅಪಾಯದ ದಾರಿ. ಎರಡನೇ ಓದುಗರ ಮಾತು ಅಲ್ಲಿಂದಲೇ ಬಂದಿರಬಹುದು. ಯಾರೂ ಬಾಯಿಬಿಟ್ಟು ಹೇಳದೇ ಕೊನೆಯವರೆಗೆ ಪವಾಡವಾಗಿಯೇ ಉಳಿಸುವುದು ನಾಲ್ಕನೆಯದು. ಸಣ್ಣ ಕಥೆಗೆ ಅದು ಹೊಂದುತ್ತದೆ. ಹುಡುಕಾಟವೇ ಕಥೆಯಾದ ನಿಮ್ಮ ಕಾದಂಬರಿಗೆ ಬೇಡ. ನಾನು ಹೇಳುವುದು ಇಷ್ಟು: ಯಂತ್ರ ಎಂಬ ಸಂಗತಿ ಮೊದಲ ಮೂರನೇ ಒಂದು ಭಾಗದೊಳಗೆ ಓದುಗರಿಗೆ ತೆರೆದಿರಲಿ. ಪೀಠ ಬಚ್ಚಿಟ್ಟದ್ದು ಮಾತ್ರ ಕೊನೆಯವರೆಗೆ ಕಾಯಲಿ.

ಈಗ ವಿಜ್ಞಾನ. ಅದು ಎಷ್ಟು ಸರಿಯಿರಬೇಕು ಎಂದರೆ, ನಾಯಕಿ ಮಾಡುವ ಪರೀಕ್ಷೆ ನಿಜವಾಗಿ ಫಲ ಕೊಡುವಷ್ಟು. ಪಾಠದಂತೆ ವಿವರಿಸಬೇಕಾಗಿಲ್ಲ, ಆದರೆ ಲೆಕ್ಕ ನಿಮಗೆ ಗೊತ್ತಿರಬೇಕು. ನಿಮ್ಮ ಮೂರು ಪವಾಡಗಳಲ್ಲಿ ಒಂದು 800 ವರ್ಷ ಬಾಳೀತು. ಇನ್ನೆರಡನ್ನು ಬದಲಾಯಿಸಬೇಕು.

ಬಾಳುವುದು ಬಿಸಿಕಲ್ಲು, ಅದೂ ಒಳಗೇನಿದೆ ಎಂಬುದರ ಮೇಲೆ. ವಿಕಿರಣಶೀಲ ವಸ್ತು ತನ್ನಷ್ಟಕ್ಕೆ ಕ್ಷಯಿಸುತ್ತ ಶಾಖ ಕೊಡುತ್ತದೆ. ಬರಹಗಾರರ ಕೈಗೆ ಮೊದಲು ಸಿಗುವ ಹೆಸರು ಪ್ಲುಟೋನಿಯಂ-238. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳು ವಿದ್ಯುತ್ ಪಡೆಯುವುದು ಅದರ ಬಿಸಿಯಿಂದ. ಆದರೆ ಅದರ ಅರ್ಧಾಯು ಸುಮಾರು 88 ವರ್ಷ. ಅಂದರೆ ಪ್ರತಿ 88 ವರ್ಷಕ್ಕೆ ಬಿಸಿ ಅರ್ಧಕ್ಕಿಳಿಯುತ್ತದೆ. 800 ವರ್ಷ ಕಳೆದ ಮೇಲೆ ಉಳಿಯುವುದು ಐನೂರೈವತ್ತರಲ್ಲಿ ಒಂದು ಪಾಲು, ಕಲ್ಲು ಬರೀ ಕಲ್ಲು. ಇದನ್ನೇ ಇಟ್ಟುಕೊಳ್ಳಬೇಕೆಂದರೆ ನಾಡಿನ ವಯಸ್ಸನ್ನು 250 ವರ್ಷಕ್ಕೆ ಇಳಿಸಿ. ಆಗ ಏಳನೇ ಒಂದು ಪಾಲು ಬಿಸಿ ಉಳಿದಿರುತ್ತದೆ. ಬಂದಿಳಿದ ಸಂಗತಿ 250 ವರ್ಷದಲ್ಲಿ ಪೂರ್ತಿ ಮರೆತುಹೋಯಿತು ಎಂದು ನಂಬಿಸುವುದು ಕಷ್ಟ; ಯಾರೋ ಬೇಕೆಂದೇ ಮರೆಸಿರಬೇಕಾಗುತ್ತದೆ.

ನಿಮಗೆ ಹೊಂದುವುದು ಇನ್ನೊಂದು ವಿಕಿರಣಶೀಲ ವಸ್ತು, ಅಮೆರಿಸಿಯಂ-241. ಅರ್ಧಾಯು ಸುಮಾರು 432 ವರ್ಷ, ಒಂದು ಗ್ರಾಮಿಗೆ ಸುಮಾರು 0.11 ವಾಟ್ ಶಾಖ. ಒಂದು ಕಿಲೋ ಇಟ್ಟಿದ್ದರೆ ಮೊದಲ ದಿನ 110 ವಾಟ್, 800 ವರ್ಷಕ್ಕೆ 30 ವಾಟ್. ಇದನ್ನು 20 ಸೆಂಟಿಮೀಟರ್ ಅಡ್ಡಳತೆಯ ಉಂಡೆಯೊಳಗೆ ಇಟ್ಟರೆ ಏನಾಗುತ್ತದೆ ನೋಡಿ. ಸ್ಥೂಲ ಲೆಕ್ಕಕ್ಕೆ, 10 ಡಿಗ್ರಿಯ ತಣ್ಣನೆ ಕೋಣೆಯಲ್ಲಿ ಮೊದಲಿಗೆ ಅದರ ಮೈ 90 ಡಿಗ್ರಿ ದಾಟಿರುತ್ತದೆ, ಮುಟ್ಟಿದರೆ ಚರ್ಮ ಸುಡುವಷ್ಟು. ಈಗ 35 ಡಿಗ್ರಿಯ ಆಸುಪಾಸು, ಅಂಗೈಯಷ್ಟು ಬೆಚ್ಚಗೆ. “ಯಾರೂ ಮುಟ್ಟಬಾರದು” ಎಂಬ ನಿಯಮ ಆರಂಭದಲ್ಲಿ ಕೈ ಸುಡದಿರಲಿ ಎಂದು ಹುಟ್ಟಿದ್ದಿರಬಹುದು. ಸುಡುವುದು ನಿಂತ ಮೇಲೂ ನಿಯಮ ಉಳಿಯಿತು, ಉಳಿದದ್ದಕ್ಕೆ ಹೊಸ ಕಾರಣ ಬೇಕಾಯಿತು, “ಯಾರೂ” ಇದ್ದ ಜಾಗಕ್ಕೆ “ಹೆಂಗಸರು” ಬಂತು. ಪೀಠವನ್ನು ಬರೀ ದುಷ್ಟರ ಕೂಟವಾಗಿಸದೆ ಅದರ ನಿಷೇಧಕ್ಕೆ ಒಂದು ಇತಿಹಾಸ ಕೊಡಲು ಇಷ್ಟು ಸಾಕು.

ಇನ್ನೂ ಮುಖ್ಯವಾದದ್ದು ಬಿಸಿ ಇಳಿಯುವ ವೇಗ. 432 ವರ್ಷದ ಅರ್ಧಾಯುವೆಂದರೆ ಒಂದು ತಲೆಮಾರಿನ 25 ವರ್ಷದಲ್ಲಿ ಕುಂದುವುದು ಶೇಕಡ 4 ಮಾತ್ರ. ಯಾವ ಮುದುಕಿಯೂ “ನಾನು ಹುಡುಗಿಯಾಗಿದ್ದಾಗ ಇದು ಹೆಚ್ಚು ಬಿಸಿಯಿತ್ತು” ಎಂದು ಖಚಿತವಾಗಿ ಹೇಳಲಾರಳು. ನೂರು ವರ್ಷಕ್ಕೆ ಶೇಕಡ 15 ಇಳಿದಿರುತ್ತದೆ. ಅದನ್ನು ಕಾಣಲು ನಾಲ್ಕು ತಲೆಮಾರಿನ ಬರವಣಿಗೆ ಬೇಕು. ಒಬ್ಬಳ ಜಾಣತನದಿಂದ ಬಯಲಾಗದ ಸತ್ಯ ಹಲವು ಹೆಂಗಸರ ತಾಳ್ಮೆಯ ದಾಖಲೆಯಿಂದ ಬಯಲಾಗುತ್ತದೆ. ನಿಮ್ಮ ನಾಯಕಿ ಸೂಲಗಿತ್ತಿಯಾಗಿರುವುದರ ಪ್ರಯೋಜನ ಇಲ್ಲಿದೆ. ಹೆರಿಗೆಯ ಹೊತ್ತು ಎಣಿಸುವವರು ಅವರು, ಕಾಲ ಅಳೆಯುವುದು ಅವರ ಕಸುಬಿನ ಭಾಗ.

ನಿಷೇಧಕ್ಕೆ ಮುಂಚಿನ ಸೂಲಗಿತ್ತಿಯರು ಅಳೆದದ್ದು ಹೇಗೆ? ತೂತಿರುವ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಸಿ, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಒಂದು ಗಳಿಗೆ, ಅಂದರೆ 24 ನಿಮಿಷ, ಎಂದಿಟ್ಟುಕೊಳ್ಳಿ. ಕಲ್ಲಿನ ಮೇಲೆ ಒಂದು ಕಿಲೋ ಹಿಮವಿಟ್ಟರೆ, ಬಿಸಿಯೆಲ್ಲ ಹಿಮಕ್ಕೇ ಹೋದರೆ, ಮೊದಲ ವರ್ಷಗಳಲ್ಲಿ ಅದು ಕರಗಲು 50 ನಿಮಿಷ, ಎರಡು ಗಳಿಗೆಗಿಂತ ತುಸು ಹೆಚ್ಚು. ಈಗ ಮೂರು ಗಂಟೆ ದಾಟುತ್ತದೆ, ಏಳೂಮುಕ್ಕಾಲು ಗಳಿಗೆಯ ಹತ್ತಿರ. ವಾಸ್ತವದಲ್ಲಿ ಸ್ವಲ್ಪ ಬಿಸಿ ಗಾಳಿಗೆ ಹೋಗುತ್ತದೆ, ಗಾಳಿಯೂ ಹಿಮವನ್ನು ಕರಗಿಸುತ್ತದೆ. ಅದಕ್ಕೇ ಪಾತ್ರೆ, ಅದಿಡುವ ಜಾಗ, ವರ್ಷದ ದಿನ ಮೂರೂ ಒಂದೇ ಇರಬೇಕೆಂಬ ಕಟ್ಟುನಿಟ್ಟು ಅವರ ಆಚರಣೆಯಲ್ಲಿ ಸೇರಿರಲಿ. ಹೊರಗಿನವರಿಗೆ ಅದು ವಾರ್ಷಿಕ ಪೂಜೆಯಂತೆ ಕಾಣಲಿ.

ತಪ್ಪು ನುಗ್ಗುವ ದಾರಿಯನ್ನೂ ಕಥೆಗೆ ಬಿಡಿ. ಬಟ್ಟಲಿನ ತೂತು ಬಳಸಿ ಬಳಸಿ ದೊಡ್ಡದಾಗುತ್ತದೆ. ಆಗ ಅದು ಬೇಗ ಮುಳುಗುತ್ತದೆ, ಅದೇ ಹೊತ್ತಿಗೆ ಹೆಚ್ಚು ಗಳಿಗೆ ಎಣಿಕೆಯಾಗುತ್ತದೆ, ಕಲ್ಲು ಇರುವುದಕ್ಕಿಂತ ಹೆಚ್ಚು ತಣ್ಣಗಾದಂತೆ ಲೆಕ್ಕ ಬರುತ್ತದೆ. ಪೀಠದ ಪಂಡಿತ ಸಭೆಯಲ್ಲಿ ಇದನ್ನೇ ಎತ್ತಿ “ನಿಮ್ಮ ಬಟ್ಟಲೇ ಸವೆದಿದೆ” ಅಂದರೆ ಅವನ ಮಾತಿನಲ್ಲಿ ನಿಜವಿರುತ್ತದೆ. ನಾಯಕಿ ಅದನ್ನು ಒಪ್ಪಿ, ಬೇರೆ ಊರಿನ ಬೇರೆ ಬಟ್ಟಲಿನ ಲೆಕ್ಕವನ್ನು ಪಕ್ಕದಲ್ಲಿಟ್ಟು, ತಿದ್ದಿದ ಮೇಲೂ ಇಳಿಕೆ ಉಳಿಯುತ್ತದೆಂದು ತೋರಿಸಬೇಕು. ಎದುರಾಳಿಗೆ ಒಳ್ಳೆಯ ವಾದ ಕೊಟ್ಟು ಗೆದ್ದರೇ ಅವಳ ಗೆಲುವಿಗೆ ತೂಕ.

ಇಲ್ಲೇ ನಿಮ್ಮ ಕಥೆಯಲ್ಲಿ ಒಂದು ದೊಡ್ಡ ತೂತಿದೆ, ಅದನ್ನು ಮುಚ್ಚಿದರೆ ಕಾದಂಬರಿ ಎದ್ದು ನಿಲ್ಲುತ್ತದೆ. ಹೆಂಗಸರ ಸ್ಪರ್ಶವೇ ಕಾರಣವಾಗಿದ್ದರೆ, ಅವರನ್ನು ಹೊರಗಿಟ್ಟ ದಿನದಿಂದ ಬಿಸಿ ಇಳಿಯುವುದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಷೇಧದ 120 ವರ್ಷದಲ್ಲಿ ಶೇಕಡ 17ರಷ್ಟು ಇಳಿದಿದೆ. ಇದೇ ನಿರ್ಣಾಯಕ ಪುರಾವೆ. ಆದರೆ ಸೂಲಗಿತ್ತಿಯರು ಒಳಗೇ ಹೋಗದ ಆ 120 ವರ್ಷದ ಲೆಕ್ಕ ಯಾರ ಹತ್ತಿರವಿದೆ? ಪೀಠದ ಹತ್ತಿರ. ಕಲ್ಲು ತಣ್ಣಗಾದಷ್ಟೂ ಅದನ್ನು ಬೆಚ್ಚಗೆ ತೋರಿಸಲು ರಾತ್ರಿ ಹೊತ್ತಿನಲ್ಲಿ ಹೆಚ್ಚು ಇದ್ದಿಲು ಉರಿಸಬೇಕಾಗುತ್ತದೆ, ಕೊಂಡ ಇದ್ದಿಲಿನ ಲೆಕ್ಕ ಉಗ್ರಾಣದ ಪುಸ್ತಕದಲ್ಲಿ ತಲೆಮಾರಿನಿಂದ ತಲೆಮಾರಿಗೆ ಏರಿರುತ್ತದೆ. ಪೀಠದವರು ತಮ್ಮ ಕೈಬರಹದಲ್ಲೇ, ಹೆಂಗಸರು ಕಾರಣವಲ್ಲ ಎಂಬುದಕ್ಕೆ ಸಾಕ್ಷಿ ಬರೆದಿಟ್ಟಿದ್ದಾರೆ. ನಿಮ್ಮ ಕೊನೆಯ ಗುಟ್ಟು ಈ ಪುಸ್ತಕವಾಗಲಿ. ಮೂರನೇ ಅಧ್ಯಾಯದಲ್ಲಿ ಯಾರೂ ಇದನ್ನು ಊಹಿಸಲಾರರು. ಇದ್ದಿಲಿನ ಗಾಡಿಗಳು ಮಾತ್ರ ಮೊದಲ ಅಧ್ಯಾಯದಿಂದಲೇ ಬೆಟ್ಟ ಹತ್ತುತ್ತಿರಬೇಕು.

ಕಲ್ಲಿನ ಅಪಾಯದ ವಿಷಯದಲ್ಲೊಂದು ಎಚ್ಚರಿಕೆ. ಅಮೆರಿಸಿಯಂ ಹೊರಡಿಸುವ ಆಲ್ಫಾ ಕಣಗಳು ಚರ್ಮ ದಾಟವು, ಜೊತೆಗೆ ಬರುವ ಮೆದು ಗಾಮಾ ಕಿರಣಗಳನ್ನು ಕೆಲವು ಮಿಲಿಮೀಟರ್ ಸೀಸ ತಡೆಯುತ್ತದೆ (ಕಲ್ಲು ತನ್ನ ಗಾತ್ರಕ್ಕಿಂತ ವಿಪರೀತ ಭಾರವಿರುವುದಕ್ಕೆ ಒಳ್ಳೆಯ ಕಾರಣ). ಆದರೆ ಸೀಸ ತಡೆಯದ ನ್ಯೂಟ್ರಾನುಗಳೂ ಸ್ವಲ್ಪ ಹೊರಬರುತ್ತವೆ. ಆದ್ದರಿಂದ ಹಸುಗೂಸನ್ನು ಕಲ್ಲಿಗೆ ಒರಗಿಸಿ ಮಲಗಿಸುವ ದೃಶ್ಯ ಇದ್ದರೆ ತೆಗೆದುಬಿಡಿ. ಬಟ್ಟೆಯನ್ನು ಕಲ್ಲಿನ ಮೇಲೆ ಬೆಚ್ಚಗೆ ಮಾಡಿ, ದೂರ ತಂದು ಕೂಸಿಗೆ ಸುತ್ತಲಿ. “ಕೂಸು ಕಲ್ಲಿನ ಹತ್ತಿರ ಸುಳಿಯಬಾರದು, ಬಟ್ಟೆ ಮಾತ್ರ” ಎಂಬುದು ಸೂಲಗಿತ್ತಿಯರ ಹಳೆಯ ನಿಯಮವಾಗಿರಲಿ. ಕಲ್ಲು ಒಡೆದು ಒಳಗಿನ ಪುಡಿ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶಕ್ಕೆ ನಿಜವಾದ ಕೇಡು. ಹಾಗಾಗಿ “ಒಡೆಯಬೇಡ” ಎಂಬ ಪೀಠದ ಕಟ್ಟಳೆ ಸರಿಯಾದದ್ದೇ, ಅದಕ್ಕೆ ಕೊಡುವ ಕಾರಣ ಮಾತ್ರ ಸುಳ್ಳು. ವಿಜ್ಞಾನ ಬಂದು ಹಳೆಯದನ್ನೆಲ್ಲ ಗುಡಿಸಿ ಹಾಕುವ ಕಥೆಗಿಂತ, ಯಾವ ನಿಯಮದಲ್ಲಿ ತಿರುಳಿದೆ ಯಾವುದರಲ್ಲಿಲ್ಲ ಎಂದು ನಾಯಕಿ ಒಂದೊಂದಾಗಿ ಬಿಡಿಸುವ ಕಥೆ ಎಷ್ಟೋ ಮೇಲು.

ಬಾಗಿಲಿಗೆ ಬರೋಣ. ಕೈಯೊಳಗೆ ಚಿಪ್ ಇದೆ, ಬಾಗಿಲು ಅದನ್ನು ಗುರುತಿಸುತ್ತದೆ ಎಂದಿದ್ದರೆ ಕೈಬಿಡಿ. ಚಿಪ್ಪಿನ ನೆನಪು ಸೂಕ್ಷ್ಮ ವಿದ್ಯುದಂಶದ ರೂಪದಲ್ಲಿರುತ್ತದೆ, ದಶಕಗಳಲ್ಲಿ ಸೋರಿಹೋಗುತ್ತದೆ. ಬಾಗಿಲಿಗೂ ಸದಾ ವಿದ್ಯುತ್ ಬೇಕು. ಅದರ ಬದಲು ಸರಳ ಉಪಾಯ: ಪೀಠದವರ ಉಂಗುರದಲ್ಲಿ ಬಲವಾದ ಅಯಸ್ಕಾಂತ, ಬಾಗಿಲೊಳಗೆ ಅದರ ಸೆಳೆತಕ್ಕೆ ಜಾರುವ ಅಗುಳಿ, ಮಿಕ್ಕದ್ದು ತೂಕದ ಗುಂಡಿನ ಕೆಲಸ. ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತ ಸುಲಭಕ್ಕೆ ತುಕ್ಕು ಹಿಡಿಯದು. ನಿಯೋಡಿಮಿಯಂ ಆದರೆ ತೇವಕ್ಕೆ ಪುಡಿಯಾಗುತ್ತದೆ. ನಾಯಕಿಗೆ ಸುಳಿವು ಸಿಗುವುದು ಹೊಲಿಗೆ ಸೂಜಿಯಿಂದ. ಪೀಠದ ಮನೆಯೊಂದರ ಹೆರಿಗೆಯಲ್ಲಿ, ಬಾಣಂತಿಯ ಮಂಚದ ಮೇಲೆ ಬಿಚ್ಚಿಟ್ಟ ಗಂಡನ ಉಂಗುರಕ್ಕೆ ಅವಳ ಸೂಜಿ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುತ್ತಾಳೆ: ಉಂಗುರವಿದೆ, ಮಂತ್ರವಿಲ್ಲ, ತೆರೆಯುತ್ತದೆ. ಮಂತ್ರವಿದೆ, ಉಂಗುರವಿಲ್ಲ, ತೆರೆಯದು. ಉಂಗುರಕ್ಕೆ ತಾಮ್ರದ ತಗಡು ಸುತ್ತಿದರೂ ತೆರೆಯುತ್ತದೆ, ದಪ್ಪ ಕಬ್ಬಿಣದ ತಗಡು ಸುತ್ತಿದರೆ ತೆರೆಯದು. ಕೊನೆಯ ಎರಡನ್ನು ಅದಲುಬದಲು ಮಾಡಬೇಡಿ. ತಾಮ್ರ ಅಯಸ್ಕಾಂತವನ್ನು ತಡೆಯುವುದಿಲ್ಲ. ಹಸ್ತಪ್ರತಿಗಳಲ್ಲಿ ಈ ತಪ್ಪು ಹೆಚ್ಚು.

ಮಾತಾಡುವ ಕಂಬವಂತೂ 800 ವರ್ಷ ಬಾಳದು. ಅದಕ್ಕೆ ಸದಾ ವಿದ್ಯುತ್ ಬೇಕು; ಸೌರಫಲಕದಿಂದ ಕೊಡೋಣವೆಂದರೆ, ಅದಕ್ಕೆ ತಯಾರಕರು ಕೊಡುವ ಭರವಸೆ ಸಾಮಾನ್ಯವಾಗಿ 25 ವರ್ಷದ್ದು. ಗಾಜಿನಡಿಯ ಪ್ಲಾಸ್ಟಿಕ್ ಪದರ ಹಳದಿಯಾಗುತ್ತದೆ, ತೇವ ನುಗ್ಗಿ ಬೆಸುಗೆ ಕೊರೆಯುತ್ತದೆ. ಯಂತ್ರದೊಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳು ದಶಕಗಳಲ್ಲಿ ಒಣಗುತ್ತವೆ. ಬಿಡಿಭಾಗಗಳ ಉಗ್ರಾಣ, ಅದನ್ನು ತಿಳಿದವರು ಇದ್ದಾರೆ ಎಂದು ಹೇಳಬಹುದು, ಆದರೆ ಆಗ ಮರೆತುಹೋದ ಯಂತ್ರ ಎನ್ನುವಂತಿಲ್ಲ. ನನ್ನ ಸಲಹೆ: ಕಂಬ ಯಂತ್ರವೇ ಆಗದಿರಲಿ. ಟೊಳ್ಳು ಕೊಳವೆಯಾಗಲಿ, ಇನ್ನೊಂದು ತುದಿಯಲ್ಲಿ ಮನುಷ್ಯನೊಬ್ಬ ಕೂತಿರಲಿ. ಹಳೆಯ ಹಡಗುಗಳಲ್ಲಿ ಯಂತ್ರಕೋಣೆಗೆ ಆಜ್ಞೆ ಇಂಥ ಕೊಳವೆಗಳ ಮೂಲಕವೂ ಹೋಗುತ್ತಿತ್ತು. ಮೂರು ಪವಾಡಗಳಲ್ಲಿ ಒಂದು ಮರೆತ ತಂತ್ರಜ್ಞಾನ, ಒಂದು ಸರಳ ಸಾಧನ, ಒಂದು ಶುದ್ಧ ವಂಚನೆ. ಮೂರೂ ಯಂತ್ರ ಎಂದು ಬೇಗ ತೀರ್ಮಾನಿಸಿದ ಓದುಗರು ಕಂಬದ ವಿಷಯದಲ್ಲಿ ಎಡವುತ್ತಾರೆ, ಎಡವಿದ್ದಕ್ಕೆ ಖುಷಿಪಡುತ್ತಾರೆ.

ಸುಳಿವುಗಳನ್ನು ಬರೆಯುವ ಬಗೆ ಹೇಳುತ್ತೇನೆ. “ಕಂಬದೊಳಗೆ ಲೋಹದ ಕೊಳವೆಯಿತ್ತು” ಎಂದರೆ ಅಲ್ಲಿಗೇ ಮುಗಿಯಿತು. “ಕಂಬದ ಬಾಯಿಂದ ದೈವದ ಉಸಿರು ಹೊಮ್ಮುತ್ತಿತ್ತು” ಎಂದರೆ ನಿರೂಪಣೆಯೇ ಸುಳ್ಳು ಹೇಳಿದಂತಾಯಿತು. ವಸ್ತುವನ್ನು ಅದರ ಕೆಲಸ ಮಾಡುವವರ ಕಣ್ಣಿಂದ ತೋರಿಸಿ: “ಕಂಬದ ಬಾಯಲ್ಲಿ ಕಣಜ ಗೂಡು ಕಟ್ಟಿದ ವಾರವೆಲ್ಲ ದೈವದ ದನಿ ಗೊಗ್ಗರಾಗಿತ್ತು. ಅತ್ತೆ ಏಣಿ ಹಾಕಿ ಕಡ್ಡಿಯಿಂದ ಗೂಡು ಕಿತ್ತಳು. ಇಳಿದು ಬಂದವಳು ಮೂಗು ಸಿಂಡರಿಸಿ, ಇವತ್ತು ದೈವ ಬೆಳ್ಳುಳ್ಳಿ ತಿಂದಿದೆ ಅಂದಳು.” ಮೊದಲ ಓದಿನಲ್ಲಿ ಇದು ಅತ್ತೆಯ ಬಾಯಿ ಜೋರು ಅನ್ನಿಸುತ್ತದೆ. ಕೊನೆಯಲ್ಲಿ ಹಿಂತಿರುಗಿ ನೋಡಿದರೆ ಎಲ್ಲವೂ ಅಲ್ಲೇ ಇರುತ್ತದೆ. ನಿಮಿಷ, ಡಿಗ್ರಿ, ವಾಟ್ ಎಂಬ ಅಳತೆಗಳು ಪುಟದ ಮೇಲೆ ಎಲ್ಲೂ ಬರಬಾರದು; ಅವು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ.

ಅತ್ತೆಯ ಮಾತು ಬಂದದ್ದರಿಂದ ಮೂರನೇ ಓದುಗರ ಪ್ರಶ್ನೆಗೆ ಹೋಗುತ್ತೇನೆ. ಗುಡಿಸುವವರು, ಒರೆಸುವವರು, ಎಣ್ಣೆ ಹಾಕುವವರು ಪವಾಡಗಳ ಹಿಂಬದಿಯನ್ನು ದಿನಾ ನೋಡುತ್ತಾರೆ. ಅವರ ಕೆಲಸಕ್ಕೆ ಬೆಲೆಯಿಲ್ಲದ್ದರಿಂದ ಅವರು ನೋಡಿದ್ದಕ್ಕೂ ಬೆಲೆಯಿಲ್ಲ. ಅಡಗಿದ ತಂತ್ರಜ್ಞಾನದ ಕಥೆ ಸ್ತ್ರೀವಾದಿ ಕಥೆಯಾಗುವುದಕ್ಕೆ ಇದಕ್ಕಿಂತ ಗಟ್ಟಿ ನೆಲ ಇಲ್ಲ. ಕತ್ತಿ ಹಿಡಿದರೆ ಸ್ತ್ರೀವಾದ ಬರುತ್ತದೆ, ಹಿಡಿಯದಿದ್ದರೆ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂದ ರೊಕೆಯಾ ಸಖಾವತ್ ಹೊಸೈನ್ ಅವರ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಹೆಂಗಸರ ವಿಶ್ವವಿದ್ಯಾಲಯಗಳು ಮೋಡದಿಂದ ನೀರನ್ನೂ ಸೂರ್ಯನಿಂದ ಶಾಖವನ್ನೂ ಸಂಗ್ರಹಿಸುತ್ತವೆ. ಗಂಡಸರ ಸೈನ್ಯ ಸೋತ ಯುದ್ಧವನ್ನು ಅವರು ಆ ಶಾಖದಿಂದಲೇ ಗೆಲ್ಲುತ್ತಾರೆ. 1989ರ ರೋಸ್‌ಮೇರಿ ಕರ್ಸ್ಟೀನ್ ಅವರ ‘ದಿ ಸ್ಟಿಯರ್ಸ್‌ವುಮನ್’ ಕಾದಂಬರಿಯಲ್ಲಿ ಕತ್ತಿಯೂ ಇದೆ, ಆದರೆ ನಾಯಕಿಯ ದೊಡ್ಡ ಆಯುಧ ಒಂದು ಕಟ್ಟುಪಾಡು: ಅವಳ ಪಂಗಡ ಯಾರು ಏನು ಕೇಳಿದರೂ ನಿಜ ಹೇಳಬೇಕು, ಆ ಪಂಗಡದ ಪ್ರಶ್ನೆಗೆ ಉತ್ತರ ನಿರಾಕರಿಸಿದವರಿಗೆ ಮತ್ತೆ ಅವರಲ್ಲಿ ಯಾರಿಂದಲೂ ಉತ್ತರ ಸಿಗದು. ನಿಮ್ಮ ಕಥೆ ಇವುಗಳ ಸಾಲಿನಲ್ಲಿ ತನ್ನದೇ ದಾರಿ ಹಿಡಿದಿದೆ.

ತಿಳಿವಳಿಕೆಯ ಬಾಗಿಲನ್ನು ಹೆಂಗಸರಿಗೆ ನೂರಾರು ವರ್ಷ ಮುಚ್ಚಿಡುವುದು ಅತಿರೇಕ ಎಂದು ಯಾರಾದರೂ ಅಂದರೆ ಒಂದು ನಿಜ ಸಂಗತಿ ಹೇಳಿ. ಇಂಗ್ಲೆಂಡಿನ ಮಾರ್ಗರೆಟ್ ಕ್ಯಾವೆಂಡಿಶ್ 1666ರಲ್ಲಿ, ಹೆಣ್ಣೊಬ್ಬಳು ಬೇರೆ ಲೋಕಕ್ಕೆ ಹೋಗಿ ಸಾಮ್ರಾಜ್ಞಿಯಾಗಿ ಅಲ್ಲಿನ ವಿದ್ವಾಂಸರನ್ನೇ ಪ್ರಶ್ನಿಸುವ ಕಥೆ ಪ್ರಕಟಿಸಿದರು. ಮರುವರ್ಷ ಅತಿಥಿಯಾಗಿ ಲಂಡನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿಗೆ ಹೋಗಿ ಪ್ರಯೋಗಗಳನ್ನು ನೋಡಿಬಂದರು. ಆ ಸಂಸ್ಥೆ ಮಹಿಳೆಯರನ್ನು ಫೆಲೋಗಳಾಗಿ, ಅಂದರೆ ಸದಸ್ಯರಾಗಿ, ಮೊದಲ ಸಲ ಆರಿಸಿದ್ದು 1945ರಲ್ಲಿ. ನಡುವೆ 278 ವರ್ಷ. ನಿಮ್ಮ ಪೀಠದ ನಿಷೇಧ ಇನ್ನೂ 120ರಲ್ಲಿದೆ.

ಕಾಳಗ ಸೇರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಸೇರಿಸಿದರೆ ಬೆಲೆ ಏನೆಂದು ನೋಡಿ. ಹೆರಿಗೆ ಮಾಡಿಸುವ ಕೈ ಒಂದೇ ಅಧ್ಯಾಯದಲ್ಲಿ ಕತ್ತಿವರಸೆ ಕಲಿತರೆ ಯಾರೂ ನಂಬುವುದಿಲ್ಲ, ಪುರಾವೆಯಿಂದ ಗೆಲ್ಲಬೇಕಾದ ವಾದವನ್ನು ಅವಳು ಕತ್ತಿಯಿಂದ ಗೆದ್ದರೆ ಹಿಂದಿನ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ. ಮೂರನೇ ಓದುಗರಿಗೆ ನಿಜಕ್ಕೂ ಕೊರತೆ ಅನ್ನಿಸಿದ್ದು ಮೈಗೆ ತಾಗುವ ಅಪಾಯ ಇರಬಹುದು. ಅದನ್ನು ಬೇರೆ ರೀತಿಯಲ್ಲಿ ಕೊಡಿ. ಎರಡನೇ ಗಳಿಗೆ ಬಟ್ಟಲು ತರಲು ಹಿಮದ ಕಣಿವೆ ದಾಟಬೇಕು, ಬಟ್ಟಲು ತೂತಿನ ಹತ್ತಿರ ಬಿರುಕು ಬಿಟ್ಟರೆ ಎಲ್ಲ ವ್ಯರ್ಥ. ಕದ್ದ ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿದೆ, ಕಾವಲಿನವನ ಕಬ್ಬಿಣದ ಗುರಾಣಿ ಹತ್ತಿರ ಬಂದರೆ ಅದು ಸೆಳೆಯುತ್ತದೆ. ಹತಾಶ ಪಂಡಿತನೊಬ್ಬ ಸಾಕ್ಷಿ ನಾಶಮಾಡಲು ಕಲ್ಲನ್ನೇ ಒಡೆಯಲು ಸುತ್ತಿಗೆ ಎತ್ತುತ್ತಾನೆ, ಒಡೆದರೆ ಏನಾಗುತ್ತದೆಂದು ತಿಳಿದವಳು ಇವಳೊಬ್ಬಳೇ.

ಇನ್ನೆರಡು ಅಪಾಯಗಳಿವೆ. ನಾಯಕಿ ಹುಟ್ಟಿನಿಂದಲೇ ವಿಶೇಷ ರಕ್ತದವಳು, ಬಾಗಿಲು ಅವಳನ್ನು ಗುರುತಿಸುತ್ತದೆ ಎಂಬ ತಿರುವು ಕರಡಿನಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತೆಗೆಯಿರಿ. ಪೀಠ ಹೇಳುವುದೂ ಅದನ್ನೇ ಅಲ್ಲವೇ? ಇನ್ನೊಂದು, ಕೊನೆಯಲ್ಲಿ ಉಂಗುರ ಅವಳ ಬೆರಳಿಗೆ ಬಂದು ಅವಳೇ ಹೊಸ ಪೀಠಾಧಿಪತಿಯಾಗುವುದು. ಬೀಗದ ಕೈ ಮಾತ್ರ ಬದಲಾಗಿ ಬೀಗ ಹಾಗೇ ಉಳಿಯುತ್ತದೆ. ಅವಳು ಲೆಕ್ಕದ ಪುಸ್ತಕವನ್ನು ಏನು ಮಾಡುತ್ತಾಳೆ, ಯಾರ ಮುಂದೆ ಓದುತ್ತಾಳೆ, ಎಷ್ಟು ಪ್ರತಿ ಮಾಡಿಸಿ ಯಾವ ಊರುಗಳಿಗೆ ಕಳಿಸುತ್ತಾಳೆ, ಓದಲು ಬಾರದವರಿಗೆ ಹೇಗೆ ಮುಟ್ಟಿಸುತ್ತಾಳೆ ಎಂಬುದಕ್ಕೆ ಕೊನೆಯ ಅಧ್ಯಾಯ ಮೀಸಲಿಡಿ. ಅದರಲ್ಲಿ ಸೋಲುಗಳೂ ಇರಲಿ. ಸತ್ಯ ತಿಳಿದ ಮೇಲೂ ಕೆಲವು ಸೂಲಗಿತ್ತಿಯರು ಕಲ್ಲು ಮುಟ್ಟಲು ಹೆದರುತ್ತಾರೆ. ಬಾಗಿಲು ಕಾಯುವ ಹುಡುಗನೊಬ್ಬ ಮನಸಾರೆ ನಂಬಿದವನಾಗಿರಲಿ, ಅವನಿಗೆ ನಿಜ ತಿಳಿದಾಗ ಆಗುವ ನೋವನ್ನೂ ಬರೆಯಿರಿ.

ತಿದ್ದುಪಡಿಗೆ ಕೂರುವಾಗ ಮೊದಲಿನಿಂದ ಶುರುಮಾಡಬೇಡಿ. ಉಗ್ರಾಣದ ಪುಸ್ತಕ ಸಿಗುವ ಅಧ್ಯಾಯವನ್ನು ಮೊದಲು ಬರೆಯಿರಿ. ಆಮೇಲೆ ಎಡ-ಬಲ ಪಟ್ಟಿ ಮಾಡಿ, ಇದ್ದಿಲು ಗಾಡಿ, ಸೂಜಿ, ಕಣಜದ ಗೂಡು, ಸವೆದ ಬಟ್ಟಲು ಇವನ್ನು ಹಿಂದಿನ ಅಧ್ಯಾಯಗಳಲ್ಲಿ ನೆಡಿ. ಒಂದು ಅಧ್ಯಾಯದಲ್ಲಿ ಎರಡಕ್ಕಿಂತ ಹೆಚ್ಚು ಬೇಡ. ಕೊನೆಗೆ, ಹಳೆಯ ಕರಡು ನೋಡಿರದ ಹೊಸಬರೊಬ್ಬರಿಗೆ ಕೊಟ್ಟು, “ಕಲ್ಲು ಯಂತ್ರ ಅನ್ನಿಸಿದ್ದು ಯಾವ ಪುಟದಲ್ಲಿ? ಪೀಠದವರಿಗೂ ಗೊತ್ತಿತ್ತು ಅನ್ನಿಸಿದ್ದು ಯಾವ ಪುಟದಲ್ಲಿ?” ಎಂದು ಎರಡೇ ಪ್ರಶ್ನೆ ಕೇಳಿ. ಎರಡು ಪುಟಗಳ ನಡುವೆ ಕಾದಂಬರಿಯ ಅರ್ಧದಷ್ಟಾದರೂ ಅಂತರವಿದ್ದರೆ ಪ್ರಕಾಶಕರಿಗೆ ಕಳಿಸಬಹುದು. ಕಡಿಮೆಯಿದ್ದರೆ ಇದ್ದಿಲಿನ ಸುಳಿವು ಜೋರಾಯಿತು ಎಂದರ್ಥ, ಒಂದೆರಡು ಗಾಡಿ ಕಡಿಮೆ ಮಾಡಿ.